ಪುಟ್ಟಮಾದಮ್ಮನ ಐದು ಬೆರಳು

ಚೀಲವನ್ನು ನೆಲದ ಮೇಲೆ ಇಡಬಾರದು. ಮನೆಯವರು ಕೊಟ್ಟ ಮಣೆಯ ಮೇಲೂ ಇಡಬಾರದು. ಮೊದಲು ದಿನಪತ್ರಿಕೆಯ ಹಾಳೆ ಹಾಸಬೇಕು, ಅದರ ಮೇಲೆ ಚೀಲ. ಬಾಯಿ ಬಿಚ್ಚಿ ಸೋಪು, ಟವೆಲು ಮಾತ್ರ ಹೊರಗೆ ತೆಗೆಯಬೇಕು. ಕೈ ತೊಳೆದ ಮೇಲೆಯೇ ಉಳಿದ ಸಾಮಾನು ಮುಟ್ಟಬೇಕು. ನನ್ನ ತರಬೇತಿ ಶುರುವಾದದ್ದು ಹೀಗೆ. ನಮ್ಮ ಟ್ಯೂಟರ್ ಮೇಡಂ ಮೂರು ವಾರ ಖಾಲಿ ಚೀಲದಲ್ಲೇ ಇದನ್ನು ಮಾಡಿಸಿದರು. ಯಾರಾದರೂ ನಕ್ಕರೆ ಮತ್ತೆ ಮೊದಲಿಂದ. ನಾಲ್ಕನೆಯ ವಾರಕ್ಕೆ ನನ್ನ ಕೈ ನನ್ನನ್ನು ಕೇಳದೆ ಆ ಕೆಲಸ ಮಾಡುತ್ತಿತ್ತು. ಈಗಲೂ ಮಾಡುತ್ತದೆ. ಸಂತೆಯಿಂದ ತಂದ ತರಕಾರಿ ಚೀಲವನ್ನೂ ನಾನು ಹಾಳೆ ಹಾಸಿಯೇ ಇಡುತ್ತೇನೆ.

ಆರೋಗ್ಯ ಸಹಾಯಕಿಯರಾಗಿ ಈಗ ಸೇರುತ್ತಿರುವ ಹುಡುಗಿಯರು ಮನೆಗೆ ಬಂದಾಗ ಹಳೆಯ ಕಾಲದ ಕಷ್ಟಗಳನ್ನು ಕೇಳುತ್ತಾರೆ. ನಡೆದ ಮೈಲಿ, ಸಿಗದ ಬಸ್ಸು, ಬೈದ ಅಧಿಕಾರಿ. ಅವೆಲ್ಲ ಎಲ್ಲರಿಗೂ ಇದ್ದದ್ದೇ. ನನಗೆ ಬಡ್ತಿ ಯಾವಾಗ ಬಂತು ಎಂಬುದು ಸೇವಾ ಪುಸ್ತಕದಲ್ಲಿದೆ, ಇಲ್ಲಿ ಬೇಡ. ಈ ಕೆಲಸದಲ್ಲಿ ನಾನು ಅತಿ ತಡವಾಗಿ ಕಲಿತ ಒಂದು ಕಾಯಿಲೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಹೆರಿಗೆ, ಚುಚ್ಚುಮದ್ದು, ಕ್ಷಯ, ಮಲೇರಿಯ ಎಲ್ಲಕ್ಕೂ ನಮಗೆ ಪಾಠವಿತ್ತು. ಮುಪ್ಪಿನ ಮರೆವಿಗೆ ಪುಸ್ತಕದಲ್ಲಿ ಒಂದು ಪುಟವೂ ತುಂಬಿರಲಿಲ್ಲ. ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನೂ ಬಿಟ್ಟೆವು. ಆ ಪುಟವನ್ನು ನನಗೆ ಓದಿಸಿದವರು ಪುಟ್ಟಮಾದಮ್ಮ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ನಂಜನಗೂಡು ತಾಲ್ಲೂಕಿನಲ್ಲಿ, ಹೆಮ್ಮರಗಾಲದ ಕಡೆಯ ಒಂದು ಉಪಕೇಂದ್ರದಲ್ಲಿದ್ದೆ. ಪುಟ್ಟಮಾದಮ್ಮ ಆ ಊರಿನ ಸೂಲಗಿತ್ತಿ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಮನೆ ಕೆಳಗಿನ ಕೇರಿಯಲ್ಲಿ. ಕರೆ ಬರುತ್ತಿದ್ದುದು ಎಲ್ಲ ಬೀದಿಗಳಿಂದ. ಮೇಲಿನ ಬೀದಿಯ ಲಿಂಗಾಯತರ ಮನೆಗಳಲ್ಲಿ ಹೆರಿಗೆಯ ದಿನ ಅವರು ಒಳಕೋಣೆಯವರೆಗೆ ಹೋಗುತ್ತಿದ್ದರು. ಸೂತಕ ಕಳೆದ ಮರುದಿನದಿಂದ ಅದೇ ಮನೆಯ ಜಗಲಿಯ ಕೆಳಗೆ ನಿಲ್ಲುತ್ತಿದ್ದರು. ಇದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಮನೆಯಿಂದ ಆಳು ಬಂದು ಕರೆಯದೆ ಸೂಲಗಿತ್ತಿ ಹೆರಿಗೆ ಮನೆಗೆ ಹೋಗುತ್ತಿರಲಿಲ್ಲ.

ಆಗ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು, ಒಂದೊಂದು ಅಲ್ಯೂಮಿನಿಯಂ ಪೆಟ್ಟಿಗೆ ಕೊಡುವ ಕಾರ್ಯಕ್ರಮವಿತ್ತು. ಕಲಿಸಬೇಕಾದದ್ದು ಐದು ಶುದ್ಧ: ಕೈ ಶುದ್ಧ, ಹಾಸು ಶುದ್ಧ, ಬ್ಲೇಡು ಶುದ್ಧ, ದಾರ ಶುದ್ಧ, ಹೊಕ್ಕುಳು ಶುದ್ಧ. ಹೊಕ್ಕುಳಿಗೆ ಬೂದಿ, ಸಗಣಿ ಏನೂ ಮೆತ್ತಬಾರದು ಎಂಬುದು ಕೊನೆಯದರ ಅರ್ಥ. ನಾನು ಹೆಬ್ಬೆರಳಿನಿಂದ ಎಣಿಸಿ ಕಲಿಸಿದೆ. ಪುಟ್ಟಮಾದಮ್ಮ ಕಿರುಬೆರಳಿನಿಂದ ಮಡಿಸಿದರು. ಎರಡು ದಿನ ತಿದ್ದಿ ನೋಡಿ ಸುಮ್ಮನಾದೆ.

"ಐದು ಬೆಳ್ಳಿಗೂ ಐದು ಶುದ್ಧ ಆಯ್ತು. ನಿನ್ನ ಬಾಯ್ಗೆ ಯಾವ್ದು ನರ್ಸಮ್ಮ? ಬೆಳಿಗ್ಗಿಂದ ಒಂದೇ ಸಮ ಬೈತಾ ಇದ್ದೀಯ," ಎಂದರು. ಉಳಿದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

"ನಗೋದು ಆಮೇಲೆ. ಬ್ಲೇಡಿನ ಪೊಟ್ಟಣ ಯಾವಾಗ ಒಡೀಬೇಕು?"

"ಕೂಸು ಈಚೆಗೆ ಬಂದ್ಮೇಲೆ."

"ಅದಕ್ಕೆ ಮುಂಚೆ?"

"ಮುಂಚೆ ಒಡುದ್ರೆ ನೀನು ನನ್ನ ಮಂಡೆ ಒಡೀತೀಯ. ಗೊತ್ತು ಬುಡು."

ಹೀಗೆ ಉತ್ತರ ಕೊಟ್ಟರೂ ಕೆಲಸದಲ್ಲಿ ಅವರಷ್ಟು ಅಚ್ಚುಕಟ್ಟು ಯಾರೂ ಇರಲಿಲ್ಲ. ನಮ್ಮ ಊರಿನಲ್ಲಿ ಹೊಕ್ಕುಳು ಕೀವಾದ ಕೂಸನ್ನು ನಾನು ಆಮೇಲೆ ನೋಡಲಿಲ್ಲ. ಮೇಲಧಿಕಾರಿಗಳು ಬಂದಾಗ ನಾನು ಪುಟ್ಟಮಾದಮ್ಮನನ್ನೇ ಮುಂದೆ ನಿಲ್ಲಿಸುತ್ತಿದ್ದೆ. ಐದು ಬೆರಳು ಮಡಿಸಿ ಒಪ್ಪಿಸಿಬಿಡುತ್ತಿದ್ದರು.

ಏಳೆಂಟು ವರ್ಷ ಹೀಗೆ ನಡೆಯಿತು. ಆಮೇಲಿನದು ನನ್ನ ತಪ್ಪುಗಳ ಪಟ್ಟಿ.

ತಿಂಗಳ ಸಭೆಗೆ ಅವರು ತಪ್ಪು ದಿನ ಬರತೊಡಗಿದರು. ನಾನು ಬೈದೆ. ಹೇಳಿದ್ದನ್ನೇ ಮತ್ತೆ ಹೇಳಿದರು. ನಾನು "ಕೇಳಿಸ್ಕೊಂಡೆ" ಎಂದು ಮಾತು ಕತ್ತರಿಸಿದೆ. ಒಂದು ಸಲ ಕೆಳಗಿನ ಕೇರಿಯ ಒಬ್ಬ ಬಾಣಂತಿಗೆ ಗಂಡು ಕೂಸಾಯಿತೆಂದು ಬರೆಸಿದರು. ಎರಡು ತಿಂಗಳ ಮೇಲೆ ಅದೇ ಹೆಂಗಸಿಗೆ ಗಂಡು ಕೂಸಾಯಿತೆಂದು ಮತ್ತೆ ಬರೆಸಿದರು. ನಾನು ಹೊಸ ಪುಟದಲ್ಲಿ ಬರೆದುಕೊಂಡೆ, ಹಿಂದಿನ ಪುಟ ನೋಡಲಿಲ್ಲ. ವರದಿ ನೋಡಿದ ವೈದ್ಯಾಧಿಕಾರಿ ನನ್ನನ್ನು ಎಲ್ಲರೆದುರು ನಿಲ್ಲಿಸಿದರು.

"ಏನ್ ಸಿಸ್ಟರ್, ನಿಮ್ಮ ಏರಿಯಾದಲ್ಲಿ ಬಸುರು ಎರಡೇ ತಿಂಗಳಿಗೆ ಮುಗಿಯುತ್ತಾ? ನಮಗೂ ಹೇಳಿಕೊಡಿ, ಟಾರ್ಗೆಟ್ ಬೇಗ ಆಗುತ್ತೆ."

ಎಲ್ಲರೂ ನಕ್ಕರು. ನಾನು ನೇರ ಕೇರಿಗೆ ಹೋಗಿ ಪುಟ್ಟಮಾದಮ್ಮನನ್ನು ಬೀದಿಯಲ್ಲೇ ನಿಲ್ಲಿಸಿ, ಸುಳ್ಳು ಬರೆಸಿದಿರಿ ಎಂದೆ. "ನಾನ್ಯಾಕವ್ವ ಸುಳ್ಳೇಳನೆ? ಎತ್ತಿಕೊಂಡ ಕೂಸು ಅಲ್ವಾ," ಎಂದರು. ಆಗ ಅವರ ಸೊಸೆ ಮಹದೇವಮ್ಮ ಒಳಗಿನಿಂದ ಬಂದು ನನ್ನನ್ನು ಪಕ್ಕಕ್ಕೆ ಕರೆದಳು.

"ನರ್ಸಮ್ಮೋರೇ, ನಮ್ಮತ್ತೆ ಮೊದ್ಲಂಗಿಲ್ಲ. ಒಲೆ ಮ್ಯಾಲೆ ಎಸ್ರು ಇಟ್ಟು ಒಂಟೋಯ್ತಾರೆ. ಮೊನ್ನೆ ನನ್ನೇ, ನೀನ್ಯಾರ ಮಗಳವ್ವ ಅಂದ್ರು."

"ವಯಸ್ಸಾಯ್ತಲ್ಲ. ನೀನೇ ಸ್ವಲ್ಪ ನೋಡ್ಕೋ," ಎಂದೆ. ಸೊಸೆ ಅತ್ತೆಯ ಮೇಲೆ ದೂರು ಹೇಳುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದ್ದೆ. ಹೊಸದಾಗಿ ಸೇರುವವರು ಇದನ್ನು ಗುರುತು ಹಾಕಿಕೊಳ್ಳಬೇಕು. ಜೊತೆಯಲ್ಲಿರುವವರು 'ಮೊದಲಿನಂತಿಲ್ಲ' ಎಂದರೆ ಅದೇ ಮೊದಲ ವರದಿ. ಯಾವಾಗಿನಿಂದ, ಏನು ಬದಲಾಯಿತು, ನಿಧಾನವಾಗಿಯೋ ಇದ್ದಕ್ಕಿದ್ದಂತೆಯೋ ಎಂದು ಅಲ್ಲಿಯೇ ಕೂತು ಬರೆದುಕೊಳ್ಳಬೇಕು. ನಾನು ಬರೆದುಕೊಳ್ಳಲಿಲ್ಲ. ಅವರ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ, ಆದ್ದರಿಂದ ಅವರಿಗೆ ಏನೂ ಆಗಿಲ್ಲ ಎಂಬುದು ನನ್ನ ಲೆಕ್ಕ.

ಆ ಲೆಕ್ಕ ಉರುಳಿದ್ದು ಮೇಲಿನ ಬೀದಿಯ ಗೌರಮ್ಮನವರ ಮನೆಯಲ್ಲಿ. ಅವರ ಸೊಸೆ ಶೈಲಳಿಗೆ ಬೆಳಿಗ್ಗೆ ನೋವು ಬಂದಿತ್ತು. ನಾನು ತಲುಪಿದಾಗ ಒಂಬತ್ತು ಗಂಟೆ. ಕೂಸು ಹುಟ್ಟಿ, ಶುಭ್ರವಾಗಿ ಸುತ್ತಿ, ಮೊರದಲ್ಲಿ ಮಲಗಿತ್ತು. ಹೊಕ್ಕುಳಬಳ್ಳಿಗೆ ಎರಡು ಗಂಟು, ನಡುವೆ ಕತ್ತರಿಸಿದ್ದು, ನಾನು ಕಲಿಸಿದಷ್ಟೇ ಅಂತರ. ಕೂಸಿನ ಹಿಂದೆಯೇ ಬರಬೇಕಾದ ಮಾಸು ಇನ್ನೂ ಬಿದ್ದಿರಲಿಲ್ಲ. ಶೈಲಳ ಕೆಳಗಿನ ಹಾಸು ರಕ್ತದಲ್ಲಿ ನೆನೆಯುತ್ತಿತ್ತು. ಪುಟ್ಟಮಾದಮ್ಮ ಅವಳಿಗೆ ಬೆನ್ನು ಹಾಕಿ ಚೊಂಬಿನ ನೀರಿನಲ್ಲಿ ನಿಧಾನವಾಗಿ ಕೈ ತೊಳೆಯುತ್ತಿದ್ದರು. ತೊಳೆದು, ಕಿರುಬೆರಳು ಮಡಿಸಿ, "ಕೈ ಶುದ್ಧ" ಎಂದು ತಿರುಗಿದರು. ಶೈಲಳ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದರು:

"ನೋವು ಯಾವಾಗ ಸುರುವಾಯ್ತವ್ವ?"

ಶೈಲ ಬಿಳಿಚಿಕೊಂಡ ಮುಖದಲ್ಲಿ ನನ್ನ ಕಡೆ ನೋಡಿದಳು. ಗೌರಮ್ಮ, "ಆಗಿನಿಂದ ಇದೇ ಕೇಳ್ತಾಳೆ. ಮೂರು ಸಲ ಕೈ ತೊಳೆದಳು," ಎಂದರು. ನಾನು ಚೀಲವನ್ನು ನೆಲದ ಮೇಲೆ ಎಸೆದೆ. ನನ್ನ ಸೇವೆಯಲ್ಲಿ ಅದೊಂದೇ ಸಲ. ಮಾಸು ಬಿಡಿಸಿ, ಇಂಜೆಕ್ಷನ್ ಕೊಟ್ಟು, ಹೊಟ್ಟೆ ನೀವುತ್ತಲೇ ಟೆಂಪೋದಲ್ಲಿ ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಶೈಲ ಉಳಿದಳು.

ದಾರಿಯಲ್ಲಿ ನನಗೆ ಅರ್ಥವಾದದ್ದು ಇಷ್ಟು. ಪುಟ್ಟಮಾದಮ್ಮನಿಗೆ ಐದು ಶುದ್ಧವೂ ನೆನಪಿದ್ದವು. ಐದರಲ್ಲಿ ತಾವು ಎಲ್ಲಿದ್ದೇವೆ ಎಂಬುದು ನೆನಪಿರಲಿಲ್ಲ. ನಾನು ಉರು ಹೊಡೆಸಿದ ಕ್ರಮ ಅವರ ಕಾಯಿಲೆಯನ್ನು ಎಷ್ಟು ಚೆನ್ನಾಗಿ ಮುಚ್ಚಿಟ್ಟಿತ್ತೆಂದರೆ, ಅದನ್ನು ಕಂಡುಹಿಡಿಯಬೇಕಾದ ನಾನೇ ಮೋಸಹೋಗಿದ್ದೆ. ಮರುದಿನ ಅವರ ಮನೆಗೆ ಹೋಗಿ ಪೆಟ್ಟಿಗೆ ತೆಗೆದುಕೊಂಡು ಬಂದೆ. ಅವರಿಂದ ಹೆರಿಗೆ ಕೆಲಸ ಬಿಡಿಸಿದ್ದು ಸರಿ. ಇವತ್ತಾದರೂ ಅದನ್ನೇ ಮಾಡುತ್ತೇನೆ.

ವೈದ್ಯಾಧಿಕಾರಿಗೆ ವಿಷಯ ಹೇಳಿದೆ. "ಅರಳು ಮರಳು ಸಿಸ್ಟರ್. ಇದಕ್ಕೆ ಚೀಟಿ ಏನು ಬರೀಲಿ?" ಎಂದರು. ಕೆಟ್ಟವರಲ್ಲ; ಆಗ ಎಲ್ಲರೂ ಹಾಗೇ ಹೇಳುತ್ತಿದ್ದರು. ಬರೆಯುವವರೆಗೆ ನಾನು ಮೇಜಿನ ಮುಂದಿನಿಂದ ಕದಲಲಿಲ್ಲ. ಮೈಸೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಸಿಕ್ಕಿತು. ನಾನು, ಮಹದೇವಮ್ಮ, ಪುಟ್ಟಮಾದಮ್ಮ ಮೂವರೂ ಬಸ್ಸಿನಲ್ಲಿ ಹೋದೆವು.

ನೋಡಿದವರು ಚಿಕ್ಕ ವಯಸ್ಸಿನ ಒಬ್ಬ ವೈದ್ಯೆ. ಮುಂದೆ ಅಚ್ಚಾದ ಪ್ರಶ್ನೆಗಳ ಹಾಳೆ ಇಟ್ಟುಕೊಂಡಿದ್ದರು.

"ಅಜ್ಜಿ, ಇವತ್ತು ಯಾವ ವಾರ?"

"ನೀನೇ ಏಳವ್ವ, ಓದ್ದೋಳು."

"ಇದು ಯಾವ ತಿಂಗಳು?"

ಪುಟ್ಟಮಾದಮ್ಮ ನನ್ನ ಕಡೆ ತಿರುಗಿದರು. "ಯಾನ ನರ್ಸಮ್ಮ, ಈ ಮೊಗೀಗೆ ಏನೂ ಗೊತ್ತಿಲ್ವಾ? ಎಲ್ಲಾನೂ ನನ್ನೇ ಕೇಳ್ತದೆ."

ವೈದ್ಯೆ ನಕ್ಕರು, ನಕ್ಕೂ ಸೊನ್ನೆ ಹಾಕಿದರು. ನೂರರಿಂದ ಏಳೇಳು ಕಳೆಯಲು ಹೇಳಿದರು. ಒಂದು ವಾಕ್ಯ ಬರೆಯಲು ಹೇಳಿದರು. ಮತ್ತೆರಡು ಸೊನ್ನೆ. ನಾನು ತಡೆಯಲಾರದೆ ಹೇಳಿದೆ: "ಡಾಕ್ಟ್ರೇ, ಇದರಲ್ಲಿ ಅರ್ಧಕ್ಕೆ ಅವರು ಇಪ್ಪತ್ತು ವರ್ಷದ ಹಿಂದೆ ಕೇಳಿದ್ರೂ ಉತ್ತರ ಕೊಡ್ತಿರಲಿಲ್ಲ. ಶಾಲೆ ಕಂಡವರಲ್ಲ."

ಆಕೆ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಇವರಿಗೆ ಏನು ಗೊತ್ತಿತ್ತು ಹೇಳಿ ಸಿಸ್ಟರ್. ಅದನ್ನೇ ಕೇಳೋಣ."

ನಾನು ಕಂಡ ಅತ್ಯುತ್ತಮ ವೈದ್ಯಕೀಯ ಪ್ರಶ್ನೆ ಅದು. ಮೇಲಿನ ಬೀದಿಯಲ್ಲಿ ಮೊದಲಿಂದ ಯಾರು ಯಾರಿಗೆ ಹೆರಿಗೆ ಮಾಡಿಸಿದಿರಿ ಎಂದು ಕೇಳಿದೆ. ಪುಟ್ಟಮಾದಮ್ಮ ನೆಟ್ಟಗೆ ಕೂತರು. ಕೆರೆ ಕೋಡಿ ಬಿದ್ದ ವರ್ಷ ಗೌರಮ್ಮನ ಹಿರೀಮಗ, ಕಾಲು ಮುಂದಾಗಿ ಬಂದದ್ದು. ಆಮೇಲೆ ಮೂಲೆಮನೆಯ ಅವಳಿ ಹೆಣ್ಣು. ಆಮೇಲೆ ಗೌರಮ್ಮನ ಎರಡನೆಯದು. ತಡೆಯಿಲ್ಲದೆ ಹೇಳುತ್ತ ಹೋದರು. ನಾನು ಆ ಊರಿಗೆ ಬಂದ ಮೇಲಿನ ವರ್ಷಗಳು ಬಂದಾಗ ಹೆಸರು ತೆಳುವಾದವು, ಹಿಂದುಮುಂದಾದವು.

"ಮೊನ್ನೆ ಶೈಲಂಗೆ ಆಯ್ತಲ್ಲ?" ಎಂದೆ.

"ಯಾವ ಸೈಲ?"

ಹೆರಿಗೆಯಾಗಿ ಆಗ ಹದಿನೈದು ದಿನವಾಗಿತ್ತು. ವೈದ್ಯೆ ಒಂದು ಬ್ಯಾಂಡೇಜ್ ಪಟ್ಟಿಯನ್ನು ಅವರ ಕೈಗೆ ಕೊಟ್ಟು, ಬಳ್ಳಿ ಎಂದುಕೊಂಡು ಗಂಟು ಹಾಕಿ ಎಂದರು. ಎರಡು ಗಂಟು, ಅಷ್ಟೇ ಅಂತರ, ಕ್ಷಣದಲ್ಲಿ.

ವೈದ್ಯೆ ನಮಗೆ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನೆನಪೆಲ್ಲ ಮೆದುಳಿನ ಒಂದೇ ಜಾಗದಲ್ಲಿ ಇರುವುದಿಲ್ಲ. ಇಂದಿನ ಸುದ್ದಿ ನಿಲ್ಲುವ ಜಾಗ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹಾಳಾಗುತ್ತದೆ. ಹಳೆಯದು ಹೆಚ್ಚು ಕಾಲ ಉಳಿಯುತ್ತದೆ. ಕೈಗೆ ಇಳಿದ ಅಭ್ಯಾಸ ಅದಕ್ಕಿಂತಲೂ ಹೆಚ್ಚು ಕಾಲ ಉಳಿಯಬಹುದು. ಮರೆವೆಲ್ಲ ಒಂದೇ ಕಾಯಿಲೆಯಲ್ಲ. ಥೈರಾಯ್ಡ್ ಕಡಿಮೆಯಾದರೂ ಮರೆವು ಬರುತ್ತದೆ, ರಕ್ತದಲ್ಲಿ ಬಿ12 ಜೀವಸತ್ವ ಇಳಿದರೂ ಬರುತ್ತದೆ, ತಲೆಗೆ ಪೆಟ್ಟು ಬಿದ್ದಿದ್ದರೂ, ಮನಸ್ಸು ಕುಗ್ಗಿ ಕೂತಿದ್ದರೂ ಬರುತ್ತದೆ. ಅವುಗಳಿಗೆ ಚಿಕಿತ್ಸೆಯಿದೆ. ಆದ್ದರಿಂದ ಮೊದಲು ಅವು ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ರಕ್ತ ತೆಗೆದರು, ತಲೆಯ ಸ್ಕ್ಯಾನ್ ಮಾಡಿಸಿದರು. ಎರಡನೆಯ ಭೇಟಿಯಲ್ಲಿ ಅವು ಯಾವುವೂ ಅಲ್ಲ, ಆಲ್‌ಝೈಮರ್ ಇರಬೇಕು ಎಂದರು. ಹೆಸರನ್ನು ಚೀಟಿಯ ಮೇಲೆ ಬರೆದು ಕೊಟ್ಟರು. ನಾನು ಬಸ್ಸಿನಲ್ಲಿ ಅದನ್ನು ಹತ್ತು ಸಲ ಓದಿ ಬಾಯಿಪಾಠ ಮಾಡಿದೆ.

"ವಾಸಿ ಆಯ್ತದಾ ಡಾಕ್ಟ್ರವ್ವ?" ಎಂದು ಮಹದೇವಮ್ಮ ಕೇಳಿದ್ದಳು.

"ಇಲ್ಲಮ್ಮ. ನಿಧಾನವಾಗಿ ಜಾಸ್ತಿ ಆಗುತ್ತೆ. ಇದು ಹುಚ್ಚಲ್ಲ, ಗಾಳಿಯಲ್ಲ, ಅಂಟೋದೂ ಅಲ್ಲ. ಅವರು ಬೇಕೂಂತ ಏನೂ ಮಾಡ್ತಿಲ್ಲ. ಇಷ್ಟು ನೆನಪಿಟ್ಟುಕೋ."

"ಅವ್ರು ಮರೀತಾರೆ, ನಾನು ನೆನಪಿಟ್ಕೋಬೇಕು," ಎಂದಳು ಮಹದೇವಮ್ಮ. ದೂರಿನ ದನಿಯಿರಲಿಲ್ಲ. ಕೆಲಸ ಹಂಚಿಕೆಯಾದಂತೆ ಹೇಳಿದಳು.

ಆರೈಕೆಯ ಹೊಣೆ ನನ್ನ ಮೇಲೆ ಬಂತು. ನಾನು ಗೊತ್ತಿದ್ದ ಒಂದೇ ಮದ್ದು ಕೊಟ್ಟೆ: ಕ್ರಮ. ಗೋಡೆಯ ಮೇಲೆ ಇದ್ದಿಲಿನಲ್ಲಿ ಸೂರ್ಯ, ಮುದ್ದೆ, ಚೊಂಬಿನ ಚಿತ್ರ ಬರೆದು ದಿನಚರಿ ಮಾಡಿದೆ. ಏಳುವುದು, ಮುಖ ತೊಳೆಯುವುದು, ಉಣ್ಣುವುದು ಒಂದೇ ಹೊತ್ತಿಗೆ ಎಂದೆ. ಇಲ್ಲಿಯವರೆಗೆ ಸರಿ. ಎರಡನೆಯ ಸಲಹೆ ಹೀಗಿತ್ತು: ತಪ್ಪು ಹೇಳಿದರೆ ಬಿಡಬೇಡ, ಪ್ರತಿಸಲ ತಿದ್ದು; ಪೆಟ್ಟಿಗೆ ಕೇಳಿದರೆ ಯಾಕೆ ತೆಗೆದುಕೊಂಡರೆಂದು ನಿಜ ಹೇಳು.

ಮೂರು ವಾರ ಬಿಟ್ಟು ನಾನು ಹೋದಾಗ ಮಹದೇವಮ್ಮ ನನ್ನನ್ನು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದಳು: "ನರ್ಸಮ್ಮೋರೇ, ನಿಜಾನ ನೀವು ಒಂದ್ಸಲ ಏಳಿ ಓದ್ರಿ. ನಾನು ದಿನಕ್ಕೆ ಅತ್ತು ಸಲ ಏಳ್ಬೇಕು. 'ನಿನ್ನ ಕೈಲಿ ತಪ್ಪಾಯ್ತು, ಅದ್ಕೆ ಪೆಟ್ಗೆ ಕಿತ್ಕೊಂಡ್ರು' ಅಂತ. ಅತ್ತು ಸಲನೂ ಅವ್ರಿಗೆ ಒಸಾ ಸುದ್ದಿ. ಅತ್ತು ಸಲನೂ ಅಳ್ತಾರೆ. ಇನ್ನ ನನ್ನ ಕೈಲಾಗಲ್ಲ, ನೀವೇ ಬಂದು ಏಳಿ."

ಸಾವಿನಂಥ ಸುದ್ದಿಯನ್ನು ಒಬ್ಬರಿಗೇ ದಿನವೂ ಹತ್ತು ಸಲ ತಲುಪಿಸುವ ವ್ಯವಸ್ಥೆಯನ್ನು ನಾನು ಮಾಡಿಟ್ಟಿದ್ದೆ.

ಅದೇ ವಾರ ಇನ್ನೊಂದು ನಡೆಯಿತು. ಪೆಟ್ಟಿಗೆ ಹುಡುಕುತ್ತ ಪುಟ್ಟಮಾದಮ್ಮ ಬೀದಿಗೆ ಇಳಿಯುವುದು ಶುರುವಾಗಿತ್ತು. ಒಂದು ಮಧ್ಯಾಹ್ನ ಮೇಲಿನ ಬೀದಿಯಲ್ಲಿ ಶೈಲಳ ಕೂಸು ಅಳುವುದು ಕೇಳಿಸಿತು. ಜಗಲಿ ಹತ್ತಿ, ಪಡಸಾಲೆ ದಾಟಿ, ದೇವರ ಕೋಣೆಯ ಮುಂದಿನಿಂದ ನೇರ ಒಳಕೋಣೆಗೆ ಹೋಗಿ ಕೂಸನ್ನು ಎತ್ತಿಕೊಂಡರು. ವಾರದ ಹೆಸರು, ತಿಂಗಳ ಹೆಸರಿನ ಜೊತೆ ಜಗಲಿಯ ಕಟ್ಟಳೆಯೂ ಅಳಿಸಿಹೋಗಿತ್ತು. ಗೌರಮ್ಮ ಕಿರುಚಿದರು. ಗಂಡಸರು ಸೇರಿದರು. ಪುಟ್ಟಮಾದಮ್ಮನ ಮಗ ಸಿದ್ದರಾಜು ಕೈಗಾರಿಕಾ ಪ್ರದೇಶದ ಪಾಳಿ ಮುಗಿಸಿ ಬರುವಷ್ಟರಲ್ಲಿ ಅವನ ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರು. ಕಟ್ಟಿ ಹಾಕು, ಇಲ್ಲದಿದ್ದರೆ ನಾವು ನೋಡಿಕೊಳ್ಳುತ್ತೇವೆ ಎಂದರಂತೆ. ಮರುದಿನ ನಾನು ಹೋದಾಗ ಹಿತ್ತಿಲ ಕೋಣೆಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಒಳಗೆ ಪುಟ್ಟಮಾದಮ್ಮನ ಕಾಲಿಗೆ ಹಳೆಯ ಸೀರೆಯ ಗಂಟು, ಇನ್ನೊಂದು ತುದಿ ಕಂಬಕ್ಕೆ.

"ಏನ್ ಮಾಡ್ಲಿ ಏಳಿ," ಎಂದ ಸಿದ್ದರಾಜು. "ನಾನು ಪ್ಯಾಟ್ರಿಗೆ, ಅವ್ಳು ಕೂಲಿಗೆ. ಆಚೆ ಬುಟ್ರೆ ಒಡೀತಾರೆ. ಕಟ್ಟಾಕುದ್ರೆ ನೀವು ಬೈತೀರಿ. ಅವ್ವನ ಕಾಲ್ ಕಟ್ಟೋಕೆ ನಂಗೇನು ಆಸೆಯಾ?"

ಅವನನ್ನು ಬೈಯಲಿಲ್ಲ. ಬೈಯುವವರು ಬೇರೆ ದಾರಿಯನ್ನೂ ತೋರಿಸಬೇಕು. ನನ್ನ ಬಳಿ ಇರಲಿಲ್ಲ.

ಉಪಕೇಂದ್ರಕ್ಕೆ ಬಂದು ಬೀರುವಿನ ಮೇಲಿದ್ದ ಅವರ ಪೆಟ್ಟಿಗೆಯನ್ನು ನೋಡುತ್ತ ಕೂತೆ. ಹೆರಿಗೆ ಮಾಡಿಸುವ ಅಧಿಕಾರವನ್ನು ವಾಪಸು ಪಡೆಯಬೇಕಿತ್ತು, ಪಡೆದೆ. ಪೆಟ್ಟಿಗೆ ಯಾಕೆ ಪಡೆದೆ? ಮರುದಿನ ಬ್ಲೇಡು ತೆಗೆದು, ಉಳಿದದ್ದೆಲ್ಲ ಇಟ್ಟು, ಕೊಂಡುಹೋದೆ. ಪುಟ್ಟಮಾದಮ್ಮನ ಕಾಲು ಬಿಚ್ಚಿ ಪೆಟ್ಟಿಗೆಯನ್ನು ಮುಂದಿಟ್ಟೆ. ಅವರು ನನ್ನನ್ನು ನೋಡಲಿಲ್ಲ. ಕೈ ತೊಳೆದರು: ಕಿರುಬೆರಳು. ಪ್ಲಾಸ್ಟಿಕ್ ಹಾಳೆ ಹಾಸಿದರು: ಉಂಗುರ ಬೆರಳು. ನಡುಬೆರಳು ಅರ್ಧ ಮಡಿಸಿ ನಿಲ್ಲಿಸಿದರು. ಪೆಟ್ಟಿಗೆಯಲ್ಲಿ ತಡಕಿದರು. ಮತ್ತೆ ತಡಕಿದರು. ಉಸಿರು ಜೋರಾಯಿತು.

"ಬ್ಲೇಡಿಲ್ಲ ನರ್ಸಮ್ಮ," ಎಂದರು. ಹಲವು ವಾರಗಳ ಮೇಲೆ ನನ್ನನ್ನು ಗುರುತಿಸಿ ಕರೆದದ್ದು ಅದೇ ಮೊದಲು. "ಶುದ್ಧ ತಪ್ಪೋಯ್ತು. ಕೂಸು ಬಂದ್ರೆ ಏನ್ ಮಾಡಾನೆ?"

ಮಹದೇವಮ್ಮ ನನ್ನ ಕಡೆ ನೋಡಿದಳು. ಬ್ಲೇಡು ಕೊಡುವುದು ಸಾಧ್ಯವೇ ಇಲ್ಲ. ಅವಳ ಮನೆಯಲ್ಲಿ ಎರಡು ಮಕ್ಕಳಿದ್ದವು.

ಆ ಸಂಜೆ ನಾನು ಒಂದು ಖೋಟಾ ವಸ್ತು ತಯಾರಿಸಿದೆ. ಲಸಿಕೆಯ ಡಬ್ಬದ ರಟ್ಟನ್ನು ಬ್ಲೇಡಿನ ಅಳತೆಗೆ ಕತ್ತರಿಸಿದೆ. ನಿಜವಾದ ಬ್ಲೇಡಿನ ಕಾಗದವನ್ನು ಸುತ್ತಿದೆ. ಪಾಲಿಥೀನ್ ಚೀಲಕ್ಕೆ ಹಾಕಿ, ಮೇಣದ ಬತ್ತಿಯ ಉರಿಯಲ್ಲಿ ಅಂಚು ಬೆಸೆದೆ, ನಿಜವಾದ ಪೊಟ್ಟಣಗಳನ್ನು ಬೆಸೆಯುತ್ತಿದ್ದ ಹಾಗೆಯೇ. ಒಂದು ರಿಜಿಸ್ಟರಿನಲ್ಲೂ ಸುಳ್ಳು ಅಂಕಿ ಬರೆಯದವಳು ನಾನು. ಒಂದು ಭರವಸೆ ಮಾತ್ರ ಇತ್ತು. ಕೂಸು ಹೊರಗೆ ಬರುವವರೆಗೆ ಪೊಟ್ಟಣ ಒಡೆಯಬಾರದೆಂದು ಅವರಿಗೆ ಕಲಿಸಿದ್ದೆ. ಆ ಪೆಟ್ಟಿಗೆಯ ಮುಂದೆ ಇನ್ನು ಯಾವ ಕೂಸೂ ಬರುವುದಿಲ್ಲ.

ಪುಟ್ಟಮಾದಮ್ಮ ಪೊಟ್ಟಣವನ್ನು ಬೆಳಕಿಗೆ ಹಿಡಿದು ಅಂಚು ನೋಡಿದರು. ನಡುಬೆರಳು ಪೂರ್ತಿ ಮಡಿಸಿದರು. ದಾರ. ಹೊಕ್ಕುಳು. ಎಲ್ಲವನ್ನೂ ಒಳಗಿಟ್ಟು ಮುಚ್ಚಳ ಹಾಕಿ, ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಮಹದೇವಮ್ಮ ತಟ್ಟೆ ತಂದಳು. ತಕರಾರಿಲ್ಲದೆ ಉಂಡರು.

ಬೀದಿಗೆ ಹೋಗುವುದನ್ನು ತಡೆಯಬೇಕಿತ್ತು. ಅದಕ್ಕೆ ಉಪಾಯ ಸಿಕ್ಕಿದ್ದು ಅವರದೇ ಹಳೆಯ ಕಟ್ಟಳೆಯಲ್ಲಿ. ಎದ್ದು ಹೊರಟಾಗ ಮಹದೇವಮ್ಮ, "ಆಳು ಇನ್ನೂ ಬಂದಿಲ್ಲ ಕಣತ್ತೆ. ಕರ್ಯಾಕೆ ಬರ್ಲಿ, ಓಗೀರಂತೆ," ಎನ್ನತೊಡಗಿದಳು. ಕರೆಯದೆ ಹೋಗುವುದುಂಟೇ ಎಂದು ಅವರು ಕೂತುಬಿಡುತ್ತಿದ್ದರು. ಕೂಲಿಗೆ ಹೋಗುವ ದಿನ ಪಕ್ಕದ ಮನೆಯ ಮುದುಕಿಗೂ ಇದೇ ಮಾತು ಕಲಿಸಿದಳು. ನಾನು ಗೌರಮ್ಮನವರ ಮನೆಗೂ ಹೋಗಿ ಕಾಯಿಲೆಯನ್ನು ವಿವರಿಸಿದೆ.

"ಅವಳಿಗೆ ಬುದ್ಧಿ ಇಲ್ಲದಿದ್ರೆ ನಮಗಾದ್ರೂ ಇರಬೇಡ್ವಾ? ಹೊಸ್ತಿಲು ದಾಟಿ ಬಂದ್ರೆ ಏನು ಮಾಡ್ಲಿ ಹೇಳಿ ಸಿಸ್ಟರ್," ಎಂದರು ಗೌರಮ್ಮ.

ಕೂಸಿಗೆ ಹಾಲು ಕುಡಿಸುತ್ತಿದ್ದ ಶೈಲ ತಲೆಯೆತ್ತದೆ ಹೇಳಿದಳು: "ನಿಮ್ಮ ಮಗ ಕಾಲು ಮುಂದಾಗಿ ಬಂದಾಗಲೂ ಹೊಸ್ತಿಲು ದಾಟಿಯೇ ಬಂದಿದ್ರಂತಲ್ಲ ಅತ್ತೆ."

ಗೌರಮ್ಮ 'ಆಳು ಕಳಿಸ್ತೀನಿ' ಎಂಬ ಮಾತನ್ನು ಮಾತ್ರ ನನ್ನಿಂದ ಕಲಿತರು. ಮುಂದೆ ಎಂದಾದರೂ ಪುಟ್ಟಮಾದಮ್ಮ ಆ ಬೀದಿಗೆ ಬಂದುಬಿಟ್ಟರೆ, ಜಗಲಿಯ ತುದಿಗೆ ಬಂದು, "ಇನ್ನೂ ನೋವು ಬಂದಿಲ್ಲ ಕಣಮ್ಮ. ಬಂದಾಗ ನಾನೇ ಆಳು ಕಳಿಸ್ತೀನಿ, ಹೋಗು," ಎನ್ನುತ್ತಿದ್ದರು. ಅವರು ತಲೆಯಾಡಿಸಿ ತಿರುಗುತ್ತಿದ್ದರು. ಇದು ಕರುಣೆಯೋ, ಹೊಸ್ತಿಲು ಕಾಯುವ ಜಾಣತನವೋ ಎಂದು ನಾನು ವಿಚಾರಿಸಲಿಲ್ಲ. ಚಿಲಕ ಬೀಳುವುದು ನಿಂತಿತು. ಸೀರೆಯ ಗಂಟು ಮತ್ತೆ ಕಟ್ಟಲಿಲ್ಲ.

ಸ್ವಲ್ಪ ಕಾಲದಲ್ಲಿ ನನಗೆ ತಿ. ನರಸೀಪುರ ತಾಲ್ಲೂಕಿಗೆ ವರ್ಗವಾಯಿತು. ಅಲ್ಲಿ ಕಿರಿಯ ಸಹಾಯಕಿಯರ ಕೆಲಸ ನೋಡುವುದು ನನ್ನ ಪಾಲಿಗೆ ಬಂತು. 'ಮೊದಲಿನಂತಿಲ್ಲ' ಎಂದು ಯಾರಾದರೂ ಹೇಳಿದ ಮನೆಗಳ ಪಟ್ಟಿ ಮಾಡಿಸಿದೆ. ನಮೂನೆಯಲ್ಲಿ ಅದಕ್ಕೆ ಕಲಮೇ ಇರಲಿಲ್ಲ. ಪುಟದ ಅಂಚಿನಲ್ಲಿ ಬರೆಸಿದೆ. ಮೇಲಧಿಕಾರಿಯೊಬ್ಬರು ಅಂಚು ಕೆಡಿಸಿದ್ದಕ್ಕೆ ವಿವರಣೆ ಕೇಳಿದರು. ಕೊಟ್ಟೆ. ಆ ಪಟ್ಟಿಯಲ್ಲಿದ್ದ ಒಬ್ಬ ದಿನಸಿ ಅಂಗಡಿಯವರಿಗೆ ಎಲ್ಲರೂ ತಲೆ ಕೆಟ್ಟಿದೆ ಎಂದಿದ್ದರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಪಾತಾಳದಲ್ಲಿತ್ತು. ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಮತ್ತೆ ಗಲ್ಲಾದಲ್ಲಿ ಕೂತು, ನನ್ನನ್ನು ನೋಡಿ, "ನೀವೇನಾ ನನಗೆ ಹುಚ್ಚು ಅಂದೋರು?" ಎಂದರು. ಅವರು ಒಬ್ಬರೇ. ಉಳಿದವರು ಪುಟ್ಟಮಾದಮ್ಮನ ದಾರಿಯಲ್ಲೇ ಹೋದರು. ಅವರ ಮನೆಗಳಿಗೆ ನಾನು ಒಯ್ದದ್ದು ಮಹದೇವಮ್ಮ ನನಗೆ ಕಲಿಸಿದ್ದನ್ನು. ವಾದ ಮಾಡಬೇಡಿ. ಅವರ ಕೈಗೆ ಗೊತ್ತಿರುವ ಕೆಲಸ ಯಾವುದೆಂದು ಹುಡುಕಿ, ಅಪಾಯದ್ದನ್ನು ತೆಗೆದು, ಕೆಲಸವನ್ನು ವಾಪಸು ಕೊಡಿ. ನೋಡಿಕೊಳ್ಳುವವಳು ಎಷ್ಟು ಹೊತ್ತು ಮಲಗಿದಳು ಎಂದೂ ಕೇಳಿ.

ಅಷ್ಟರಲ್ಲಿ ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋಗತೊಡಗಿದ್ದವು. ಸೂಲಗಿತ್ತಿಯರ ತರಬೇತಿ ನಿಂತಿತು. ಕೊಟ್ಟ ಪೆಟ್ಟಿಗೆಗಳು ಅಡುಗೆಮನೆಯಲ್ಲಿ ಸಾಸಿವೆ ಡಬ್ಬಗಳಾದವು. ಒಂದು ಪೆಟ್ಟಿಗೆ ಮಾತ್ರ ದಿನವೂ ತೆರೆಯುತ್ತಿತ್ತು.

ವರ್ಷಕ್ಕೆ ಎರಡು ಮೂರು ಸಲ ನಾನು ಹೋಗಿ ಬರುತ್ತಿದ್ದೆ. ಪ್ರತಿಸಲ ಸ್ವಲ್ಪ ಕಡಿಮೆ. ನನ್ನ ಗುರುತು ಹೋಯಿತು, ಮಗನ ಗುರುತು ಹೋಯಿತು, ಮಾತು ಹೋಯಿತು, ನಡಿಗೆ ಹೋಯಿತು. ಮಹದೇವಮ್ಮ ಮುದ್ದೆಯನ್ನು ಸಾರಿನಲ್ಲಿ ಕಿವುಚಿ, ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು ಇಡುತ್ತಿದ್ದಳು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸುತ್ತಿದ್ದಳು. ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ. ತರಬೇತಿ ಪಡೆದ ನನ್ನ ಸಹಾಯಕಿಯರ ಕೈಯಲ್ಲೂ ನಾನು ಅಷ್ಟು ಕಂಡವಳಲ್ಲ. ಹಾಗೆಂದು ಅವಳಿಗೆ ಹೇಳಿದೆ.

"ನಿಮ್ಮ ಬಾಯಲ್ಲಿ ಒಳ್ಳೇದು ಬತ್ತದೆ ಅಂತ ಗೊತ್ತಿದ್ರೆ ನಮ್ಮತ್ತೆ ಇನ್ನೊಂದು ಬೆಳ್ಳು ಎಣಿಸೋರು," ಎಂದಳು.

ಕೊನೆಯ ಭೇಟಿಯಲ್ಲಿ ಪುಟ್ಟಮಾದಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಲಗೈ ಬೆರಳುಗಳು ಹೊದಿಕೆಯ ಮೇಲೆ ಒಂದೊಂದಾಗಿ ಮಡಿಯುತ್ತಿದ್ದವು, ಕಿರುಬೆರಳಿನಿಂದ. ಐದೂ ಮುಗಿದ ಮೇಲೆ ಬಿಚ್ಚಿ, ಮತ್ತೆ ಮೊದಲಿಂದ.

ಅವರು ತೀರಿಕೊಂಡ ತಿಂಗಳ ಮೇಲೆ ಮಹದೇವಮ್ಮ ಬಸ್ಸು ಹತ್ತಿ ತಿ. ನರಸೀಪುರಕ್ಕೆ ಬಂದಳು. ಮಡಿಲಲ್ಲಿ ಪೆಟ್ಟಿಗೆ. "ಸರ್ಕಾರದ್ದು, ನಿಮ್ಮ ಕೈಗೇ ಒಪ್ಸಬೇಕು ಅನ್ನುಸ್ತು," ಎಂದಳು.

ನಾನು ಮೇಜಿನ ಮೇಲೆ ಹಾಳೆ ಹಾಸಿ, ಪೆಟ್ಟಿಗೆ ಇಟ್ಟು, ಕೈ ತೊಳೆದು ತೆರೆದೆ. ಸೋಪು ಸವೆದು ಸವೆದು ಎಷ್ಟನೆಯದೋ ಆಗಿತ್ತು. ಪ್ಲಾಸ್ಟಿಕ್ ಹಾಳೆ ತೊಳೆದು ತೊಳೆದು ಹಾಲಿನ ಬಣ್ಣಕ್ಕೆ ತಿರುಗಿತ್ತು. ದಾರ ಸುತ್ತಿದ ಹಾಗೇ ಇತ್ತು. ಬ್ಲೇಡಿನ ಪೊಟ್ಟಣದ ಮೂಲೆಗಳು ಬೆರಳು ತಾಗಿ ಬಟ್ಟೆಯಂತೆ ಮೆತ್ತಗಾಗಿದ್ದವು. ಮೇಣದ ಬತ್ತಿಯಲ್ಲಿ ನಾನು ಬೆಸೆದ ಅಂಚನ್ನು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ.

ಒಡೆದಿರಲಿಲ್ಲ.